ಎಲ್ಲರಿಗೂ ಲಾಭವಿರುವ ಕಟ್ಟಡ ಯಾಕೆ ಏಳುವುದಿಲ್ಲ? ಮುಂಬಯಿ ರೀಡೆವಲಪ್‌ಮೆಂಟಿನ ಒಳಲೆಕ್ಕ

‘ಬಿಲ್ಡರ್ ಯಾಕೆ ಬೇಕು? ನೀವೇ ಕಟ್ಟಿಕೊಳ್ಳಿ, ಲಾಭವೂ ನಿಮಗೇ ಇರಲಿ’ ಎಂದು ಮಹಾರಾಷ್ಟ್ರ ಸರ್ಕಾರ ಹೌಸಿಂಗ್ ಸೊಸೈಟಿಗಳಿಗೆ ಹೇಳಲು ಶುರುಮಾಡಿ ವರ್ಷಗಳಾದವು. 2019ರ ಸೆಪ್ಟೆಂಬರಿನಲ್ಲಿ ಸೆಲ್ಫ್ ರೀಡೆವಲಪ್‌ಮೆಂಟಿಗೆಂದೇ, ಅಂದರೆ ಹಳೆಯ ಕಟ್ಟಡ ಕೆಡವಿ ಸೊಸೈಟಿಯೇ ಹೊಸದನ್ನು ಕಟ್ಟಿಕೊಳ್ಳಲೆಂದೇ, ಆದೇಶ ಹೊರಟಿತು. ಶೇ 10ರಷ್ಟು ಹೆಚ್ಚುವರಿ ಎಫ್‌ಎಸ್‌ಐ (ಎಷ್ಟು ಕಟ್ಟಬಹುದು ಎಂಬ ಮಿತಿ), ಸಾಲದ ಬಡ್ಡಿಯಲ್ಲಿ ಶೇ 4ರ ಸಹಾಯ, ಒಂದೇ ಕಿಟಕಿಯಲ್ಲಿ ಮಂಜೂರಾತಿ, ಎಲ್ಲವೂ ಅದರಲ್ಲಿತ್ತು. 2025ರಲ್ಲಿ ಬಿಜೆಪಿ ನಾಯಕ ಪ್ರವೀಣ್ ದರೇಕರ್ ನೇತೃತ್ವದ ಅಧ್ಯಯನ ಸಮಿತಿ ಇದೇ ವಿಷಯದ ಮೇಲೆ ಮತ್ತೊಂದು ವರದಿ ಕೊಟ್ಟಿತು. ಆದರೂ ಮುಲುಂಡ್, ಘಾಟ್‌ಕೋಪರ್, ಗೋರೆಗಾಂವ್, ಬೊರಿವಲಿಯ ಗಲ್ಲಿಗಳಲ್ಲಿ ತಗಡಿನ ಬೇಲಿ ಬಿದ್ದ ಕಟ್ಟಡಗಳ ಮುಂದಿರುವ ಬೋರ್ಡುಗಳನ್ನು ನೋಡಿ, ಹೆಚ್ಚಿನವೆಲ್ಲ ಬಿಲ್ಡರುಗಳದ್ದೇ. ತಮಗೇ ಹೆಚ್ಚು ಲಾಭ ತರುವ ದಾರಿ ಎದುರಿಗಿದ್ದೂ ಜನ ಕಡಿಮೆ ಲಾಭದ ದಾರಿ ಹಿಡಿಯುವುದೇಕೆ?

ಮುಂಬಯಿ ಕನ್ನಡಿಗರಿಗೆ ಇದು ದೂರದ ಸುದ್ದಿಯಲ್ಲ. ಮೂವತ್ತು ನಲವತ್ತು ವರ್ಷಗಳ ಹಿಂದೆ ಬ್ಯಾಂಕ್ ಕೆಲಸ, ಹೋಟೆಲು, ಸಣ್ಣ ಉದ್ಯಮವೆಂದು ಬಂದು ಉಪನಗರಗಳಲ್ಲಿ ಒಂದು ಬಿಎಚ್‌ಕೆ ಮಾಡಿಕೊಂಡ ಸಂಸಾರಗಳ ಕಟ್ಟಡಗಳಿಗೇ ಈಗ ಸರದಿ ಬಂದಿದೆ. ಮದುವೆಮನೆಯಲ್ಲಿ, ಸಂಘದ ಸಭೆಯಲ್ಲಿ ಎದುರಾದವರು ‘ನಿಮ್ಮದಕ್ಕೆ ಎಷ್ಟು ಪರ್ಸೆಂಟ್ ಎಕ್ಸ್‌ಟ್ರಾ ಕೊಟ್ಟರು?’ ಎಂದೇ ಮಾತಿಗೆ ಶುರುಮಾಡುತ್ತಾರೆ. ಮಾತು ಮುಗಿಯುವುದು ಹೆಚ್ಚಾಗಿ ‘ಅತಿ ಆಸೆ ಗತಿಗೇಡು’ ಎಂಬಲ್ಲಿ. ಬಿಲ್ಡರನ ಆಸೆ, ಕಮಿಟಿಯ ಆಸೆ, ಒಪ್ಪದೆ ಕೂತ ಮೂರನೇ ಮಹಡಿಯವರ ಆಸೆ.

ಈ ವಿವರಣೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಆಸೆ ಎಲ್ಲ ಕಟ್ಟಡಗಳಲ್ಲೂ ಇದೆ. ಹಾಗಿದ್ದೂ ಒಂದು ಮೂರೇ ವರ್ಷದಲ್ಲಿ ಏಳುತ್ತದೆ, ಪಕ್ಕದ್ದು ಹತ್ತು ವರ್ಷ ಹೊಂಡವಾಗಿ ಉಳಿಯುತ್ತದೆ. ಲಾಭ ಯಾರಿಗೆ, ಯಾವಾಗ ಕೈಸೇರುತ್ತದೆ, ನಷ್ಟವಾದರೆ ಹೊರುವವರು ಯಾರು ಎಂಬುದರಲ್ಲಿ ಈ ವ್ಯತ್ಯಾಸದ ಬೇರಿದೆ.

ಮಾರಾಟಕ್ಕಿರುವುದು ಗಾಳಿ

ಎಫ್‌ಎಸ್‌ಐ ಎಂದರೆ ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಅಂಕಿ. ಸಾವಿರ ಚದರ ಮೀಟರ್ ಜಾಗಕ್ಕೆ ಎಫ್‌ಎಸ್‌ಐ ಒಂದಾದರೆ ಸಾವಿರ ಚದರ ಮೀಟರ್, ಎರಡಾದರೆ ಎರಡು ಸಾವಿರ. ಉಪನಗರಗಳ ಹಳೆಯ ನಾಲ್ಕು ಮಹಡಿ ಕಟ್ಟಡಗಳು ಎದ್ದದ್ದು ಒಂದರ ಆಸುಪಾಸಿನ ಕಾಲದಲ್ಲಿ. 2018ರಲ್ಲಿ ಜಾರಿಗೆ ಬಂದ ಮುಂಬಯಿಯ ಕಟ್ಟಡ ನಿಯಮ ಡಿಸಿಪಿಆರ್ 2034ರ ಪ್ರಕಾರ, ಮುಂದಿನ ರಸ್ತೆ ಸಾಕಷ್ಟು ಅಗಲವಿದ್ದರೆ ಪ್ರೀಮಿಯಂ ಎಂಬ ಶುಲ್ಕ ಕಟ್ಟಿ, ಟಿಡಿಆರ್ (ಬೇರೆ ಜಾಗದಿಂದ ವರ್ಗಾಯಿಸುವ ಕಟ್ಟುವ ಹಕ್ಕು) ಕೊಂಡು ಉಪನಗರದಲ್ಲೂ ಎರಡೂವರೆವರೆಗೆ ಹೋಗಬಹುದು. ಅದರ ಮೇಲೆ ಫಂಜಿಬಲ್ ಎಫ್‌ಎಸ್‌ಐ ಎಂಬ ಹೆಸರಿನಲ್ಲಿ ಇನ್ನೂ ಶೇ 35 ಬೇರೆ. ಡೊಂಬಿವಲಿ, ಠಾಣೆಯವರಿಗೆ ಇದು ಅನ್ವಯಿಸದು, ಅವರದ್ದು 2020ರ ಡಿಸೆಂಬರಿನ ಯುಡಿಸಿಪಿಆರ್ ಎಂಬ ಬೇರೆ ನಿಯಮ. ಸಂಬಂಧಿಕರ ಕಟ್ಟಡಕ್ಕೆ ಸಿಕ್ಕ ಶೇಕಡಾವಾರು ನಮ್ಮದಕ್ಕೆ ಹೊಂದದಿರಲು ಇದೂ ಒಂದು ಕಾರಣ.

ಅಂದರೆ ಸೊಸೈಟಿ ಮಾರುತ್ತಿರುವುದು ತನ್ನ ತಲೆಯ ಮೇಲಿನ ಖಾಲಿ ಆಕಾಶವನ್ನು. ಬಿಲ್ಡರ್ ಅಲ್ಲಿ ಹೊಸ ಮನೆ ಕಟ್ಟಿ ಮಾರುತ್ತಾನೆ. ಆ ಹಣದಲ್ಲಿ ಹಳಬರಿಗೆ ದೊಡ್ಡ ಮನೆ, ಕಟ್ಟುವವರೆಗೆ ಹೊರಗಿರಲು ಬಾಡಿಗೆ, ಕಾರ್ಪಸ್ ಎಂಬ ಇಡಿಗಂಟು ಕೊಟ್ಟು, ಮಿಕ್ಕಿದ್ದನ್ನು ತಾನಿಟ್ಟುಕೊಳ್ಳುತ್ತಾನೆ.

ಮೂವತ್ತು ಮನೆಗಳ ಲೆಕ್ಕ

ತಿಳಿಯಲು ಸುಲಭವಾಗಲೆಂದು ಒಂದು ಕಾಲ್ಪನಿಕ ಕಟ್ಟಡ ಇಟ್ಟುಕೊಳ್ಳೋಣ. ಮೂವತ್ತು ಮನೆ, ಒಂದೊಂದು 400 ಚದರಡಿ ಕಾರ್ಪೆಟ್ (ಗೋಡೆಗಳ ಒಳಗಿನ ಜಾಗ). ಒಟ್ಟು 12,000 ಚದರಡಿ. ಮೊದಲನೇ ಬಿಲ್ಡರ್ ಶೇ 35 ಹೆಚ್ಚು ಕೊಡುತ್ತೇನೆ ಎನ್ನುತ್ತಾನೆ, ಮನೆಗೆ 540 ಚದರಡಿ. ಅವನಿಗೆ ಮಾರಲು 15,000 ಚದರಡಿ ಉಳಿಯುತ್ತದೆ. ಚದರಡಿಗೆ 25,000 ರೂಪಾಯಿಯಂತೆ ಅವನ ಕೈಗೆ ಬರುವುದು 37.5 ಕೋಟಿ. ಕಟ್ಟುವ ಖರ್ಚು, ಪಾಲಿಕೆಯ ಪ್ರೀಮಿಯಂ, ಬಡ್ಡಿ, ಬಾಡಿಗೆ, ಕಾರ್ಪಸ್ ಎಲ್ಲವೂ ಇದರಲ್ಲೇ ಆಗಬೇಕು.

ಇನ್ನೊಬ್ಬ ಬರುತ್ತಾನೆ. ‘ಶೇ 50 ಕೊಡುತ್ತೇನೆ, ಮನೆಗೆ 600 ಚದರಡಿ.’ ಸಭೆಯಲ್ಲಿ ಚಪ್ಪಾಳೆ. ಮನೆಗೆ 60 ಚದರಡಿ ಜಾಸ್ತಿ ಎಂದರೆ ಒಟ್ಟು 1,800 ಚದರಡಿ, ಮಾರುಕಟ್ಟೆ ಬೆಲೆಯಲ್ಲಿ 4.5 ಕೋಟಿ. ಮನೆಗೆ ತಿಂಗಳಿಗೆ 40,000 ಬಾಡಿಗೆಯಂತೆ ಇಡೀ ಕಟ್ಟಡವನ್ನು ಮೂರು ವರ್ಷ ಹೊರಗಿಡಲು ತಗಲುವುದು 4.32 ಕೋಟಿ. ಎರಡನೇ ಬಿಲ್ಡರ್ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ಒಂದೇ ಮಾತಿನಲ್ಲಿ ಬಿಟ್ಟುಕೊಟ್ಟ ಹಾಗಾಯಿತು. ಎಲ್ಲಿಂದ ತರುತ್ತಾನೆ? ಅವನಿಗೆ ಮಾರಲು ಉಳಿದದ್ದು 13,200 ಚದರಡಿ. ಅಷ್ಟರಲ್ಲೇ 37.5 ಕೋಟಿ ಎತ್ತಬೇಕಾದರೆ ಚದರಡಿಗೆ 28,400ರಷ್ಟು ಬೆಲೆ ಸಿಗಬೇಕು. ಮನೆ ಮಾರುವ ಹೊತ್ತಿಗೆ ಬೆಲೆ ಅಷ್ಟು ಏರಿರುತ್ತದೆಂದು ಅವನು ಜೂಜು ಕಟ್ಟಿದ್ದಾನೆ. ಇಲ್ಲವೇ ಸಿಮೆಂಟು, ಸರಳು, ಲಿಫ್ಟಿನಲ್ಲಿ ಉಳಿಸುತ್ತಾನೆ. ಅದೂ ಅಲ್ಲದಿದ್ದರೆ, ಸಹಿ ಬೀಳಲಿ, ಕಟ್ಟಡ ಖಾಲಿಯಾಗಲಿ, ಶೇಕಡಾವಾರಿನ ಮಾತು ಆಮೇಲೆ ತೆಗೆದರಾಯಿತು ಎಂದುಕೊಂಡಿದ್ದಾನೆ.

ನನ್ನ ಮಟ್ಟಿಗೆ ಇಡೀ ವ್ಯವಹಾರದ ಕೀಲಿ ಇಲ್ಲಿದೆ. ಹೆಚ್ಚು ಕೊಡುವವನನ್ನು ಆರಿಸುವುದು ಒಬ್ಬೊಬ್ಬ ಸದಸ್ಯನಿಗೂ ಸಹಜ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮೂವತ್ತು ಜನ ಅದೇ ಅಳತೆಗೋಲು ಹಿಡಿದಾಗ ಟೆಂಡರ್ ಗೆಲ್ಲುವವನು, ಬಂದವರಲ್ಲೆಲ್ಲ ಲೆಕ್ಕವನ್ನು ಅತಿ ಆಶಾವಾದದಿಂದ ಹಾಕಿದವನು. ಮಾರುಕಟ್ಟೆ ಒಂದು ವರ್ಷ ಮಂದವಾದರೆ ಮೊದಲು ಮುಗ್ಗರಿಸುವವನೂ ಅವನೇ. ಎಚ್ಚರಿಕೆಯಿಂದ ಲೆಕ್ಕ ಹಾಕಿ ಶೇ 35 ಎಂದವನು ಸೋತು ಮನೆಗೆ ಹೋಗಿರುತ್ತಾನೆ.

ಬಾಡಿಗೆ ನಿಂತ ತಿಂಗಳು

ಕಟ್ಟಡ ಖಾಲಿ ಮಾಡುವ ದಿನದವರೆಗೆ ತೂಕ ಸದಸ್ಯರ ಕಡೆಗಿರುತ್ತದೆ. ಬಿಲ್ಡರ್ ಅವರ ಮನೆಗೆ ಬರುತ್ತಾನೆ, ಹಬ್ಬಕ್ಕೆ ಮಿಠಾಯಿ ಡಬ್ಬಿ ಕಳಿಸುತ್ತಾನೆ. ಕೀಲಿಕೈ ಕೊಟ್ಟ ಮರುದಿನ ತೂಕ ತಿರುಗುತ್ತದೆ. ಈಗ ಮನೆಯಿಲ್ಲದವರು ಸದಸ್ಯರು, ಜಾಗ ಕೈಯಲ್ಲಿರುವವನು ಅವನು. ಮುಂಗಡವಾಗಿ ಕೊಟ್ಟ ಬಾಡಿಗೆ ಚೆಕ್ಕುಗಳ ಕಟ್ಟು ಮುಗಿದು ಹೊಸ ಕಟ್ಟು ಬರುವುದು ತಡವಾದಾಗ ಸಂಗತಿ ಅರಿವಿಗೆ ಬರುತ್ತದೆ. ನಮ್ಮ ಕಾಲ್ಪನಿಕ ಕಟ್ಟಡದಲ್ಲಿ ತಿಂಗಳ ಬಾಡಿಗೆಯೇ 12 ಲಕ್ಷ. ಹಣಕ್ಕೆ ಎಳೆದಾಟ ಬಂದರೆ ಬಿಲ್ಡರ್ ಮೊದಲು ನಿಲ್ಲಿಸುವುದು ಇದನ್ನೇ. ಬ್ಯಾಂಕಿನ ಕಂತು ತಪ್ಪಿದರೆ ಬ್ಯಾಂಕು ಬಿಡುವುದಿಲ್ಲ, ಸಿಮೆಂಟಿನವನು ಬಾಕಿ ಇದ್ದರೆ ಲಾರಿ ಕಳಿಸುವುದಿಲ್ಲ. ಚೆಂಬೂರಿನಲ್ಲೋ ಕಾಂದಿವಲಿಯಲ್ಲೋ ಬಾಡಿಗೆಗೆ ಕೂತ ನಿವೃತ್ತ ದಂಪತಿ ಏನು ಮಾಡಲಾದೀತು? ‘ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ’ ಎಂಬುದು ಅಕ್ಷರಶಃ ನಿಜವಾಗುವ ಘಟ್ಟ ಇದು.

ಗೋರೆಗಾಂವ್‌ನ ಪತ್ರಾ ಚಾಳ್ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. 672 ಸಂಸಾರಗಳು, 2008ರ ಒಪ್ಪಂದ. ನಿವಾಸಿಗಳ ಮನೆ ಕಟ್ಟಿ ಮುಗಿಸದೆಯೇ ಮಾರಾಟದ ಪಾಲನ್ನು ಬೇರೆ ಬಿಲ್ಡರುಗಳಿಗೆ ಮಾರಿದರೆಂಬ ಆರೋಪ, ತನಿಖೆ, ಬಂಧನಗಳು. 2018ರಲ್ಲಿ ರಾಜ್ಯದ ವಸತಿ ಪ್ರಾಧಿಕಾರ ಮ್ಹಾಡಾ ಆ ಒಪ್ಪಂದವನ್ನೇ ರದ್ದು ಮಾಡಿ ಕೆಲಸವನ್ನು ತನ್ನ ಕೈಗೆ ತೆಗೆದುಕೊಂಡಿತು. ಹಣ ಮೊದಲು ಕೈಸೇರಿ ಹೊಣೆ ಆಮೇಲೆ ಬರುವಂತೆ ವ್ಯವಹಾರ ಹೆಣೆದರೆ, ಹೊಣೆಯನ್ನು ಮುಂದಕ್ಕೆ ತಳ್ಳುತ್ತ ಹೋಗುವುದೇ ಲಾಭದಾಯಕವಾಗುತ್ತದೆ.

ಕಾನೂನಿಗೆ ಇದು ಗೊತ್ತಿಲ್ಲವೆಂದಲ್ಲ. ಸಹಕಾರ ಕಾಯ್ದೆಯ 79ಎ ಅಡಿಯ ಮಾರ್ಗಸೂಚಿ ಯೋಜನಾ ವೆಚ್ಚದ ಶೇ 20ರಷ್ಟು ಬ್ಯಾಂಕ್ ಗ್ಯಾರಂಟಿ ಪಡೆಯಲು ಹೇಳುತ್ತದೆ. ಪಡೆದರೆ ಮೋಸಕ್ಕೆ ಬೆಲೆ ತೆರಬೇಕಾಗುತ್ತದೆ. ಆದರೆ ಗ್ಯಾರಂಟಿಗೆ ಬಿಲ್ಡರನ ಹಣ ಅಡವಾಗುತ್ತದೆ, ಆ ಖರ್ಚು ತಿರುಗಿ ಶೇಕಡಾವಾರಿಗೇ ಹೊಡೆಯುತ್ತದೆ. ‘ಗ್ಯಾರಂಟಿ ಬೇಕೋ, ಇನ್ನೂ ಇಪ್ಪತ್ತು ಚದರಡಿ ಬೇಕೋ’ ಎಂದರೆ ಸಭೆ ಯಾವುದಕ್ಕೆ ಕೈ ಎತ್ತುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಚದರಡಿ ಕಣ್ಣಿಗೆ ಕಾಣುತ್ತದೆ, ಗ್ಯಾರಂಟಿ ಕಾಣುವುದಿಲ್ಲ.

ರಿಯಲ್ ಎಸ್ಟೇಟ್ ನಿಯಂತ್ರಣದ ಕಾಯ್ದೆ ರೇರಾ ಬಂದಿದೆಯಲ್ಲ ಎನ್ನುವವರಿದ್ದಾರೆ. ಹೊಸದಾಗಿ ಕೊಳ್ಳುವವರ ಹಣದಲ್ಲಿ ಶೇ 70ನ್ನು ಬೇರೆ ಖಾತೆಯಲ್ಲಿಟ್ಟು ಆ ಯೋಜನೆಗೇ ಬಳಸಬೇಕೆಂಬ ನಿಯಮ ಇರುವುದು ನಿಜ. ಆದರೆ ಹಳೆಯ ಸದಸ್ಯರಿಗೆ ಕೊಡುವ ಮನೆಗಳು ‘ಮಾರಾಟ’ವಲ್ಲ. ಅವರಿಗೆ ಖರೀದಿದಾರನ ರಕ್ಷಣೆ ಸಾಮಾನ್ಯವಾಗಿ ಸಿಗುವುದಿಲ್ಲ, ಡೆವಲಪ್‌ಮೆಂಟ್ ಅಗ್ರಿಮೆಂಟಿನಲ್ಲಿ ಏನು ಬರೆಸಿಕೊಂಡಿದ್ದಾರೋ ಅದೇ ಗತಿ. ಒಂದೇ ಕಟ್ಟಡದಲ್ಲಿ ನೆಲದ ಒಡೆಯನಿಗಿಂತ ನಿನ್ನೆ ಬುಕ್ ಮಾಡಿದವನ ಕೈಗೆ ಗಟ್ಟಿ ಕಾನೂನು.

ಸೆಕ್ರೆಟರಿಗೆ ಏನು ಸಿಗುತ್ತದೆ?

ಫೀಸಿಬಿಲಿಟಿ ರಿಪೋರ್ಟ್ ಓದುವುದು, ಪಿಎಂಸಿ (ಯೋಜನೆಯ ಸಲಹೆಗಾರ) ನೇಮಕ, ಟೆಂಡರ್, ವಕೀಲರು, ಪಾಲಿಕೆಯ ವಾರ್ಡ್ ಆಫೀಸು, ಸಹಕಾರಿ ಸಂಘಗಳ ರಿಜಿಸ್ಟ್ರಾರ್ ಕಚೇರಿ. ಕಮಿಟಿಯವರು ಐದಾರು ವರ್ಷ ಮಾಡುವ ಈ ಕೆಲಸಕ್ಕೆ ಸಂಬಳವಿಲ್ಲ. ಕಡೆಗೆ ಸೆಕ್ರೆಟರಿಗೆ ಸಿಗುವುದೂ 540 ಚದರಡಿ, ಒಂದು ಸಭೆಗೂ ಬಾರದ ಸದಸ್ಯನಿಗೆ ಸಿಗುವುದೂ ಅಷ್ಟೇ. ಮೇಲಾಗಿ ‘ಬಿಲ್ಡರ್ ಹತ್ತಿರ ಎಷ್ಟು ತಿಂದ?’ ಎಂಬ ಗುಸುಗುಸು ಸೆಕ್ರೆಟರಿಗೆ ಮಾತ್ರ.

ಹೀಗಿರುವಾಗ ಪ್ರಾಮಾಣಿಕರಿಗೆ ಲೆಕ್ಕ ಸರಳ: ದೂರ ಇದ್ದುಬಿಡು. ಎಲ್ಲರೂ ದೂರ ಉಳಿದರೆ ಕಟ್ಟಡ ಹಾಗೇ ಸೋರುತ್ತಿರುತ್ತದೆ. ಇಲ್ಲವೇ ನಿಜವಾದ ಸೇವಾಭಾವದವರು ಮುಂದೆ ಬರುತ್ತಾರೆ, ಅಂಥವರಿದ್ದಾರೆ, ಅವರಿಂದಲೇ ಎಷ್ಟೋ ಕಟ್ಟಡಗಳು ಎದ್ದಿವೆ. ಅದೂ ಅಲ್ಲದಿದ್ದರೆ ಬೇರೆ ದಾರಿಯಲ್ಲಿ ಲಾಭ ಕಂಡವರು ಬರುತ್ತಾರೆ. ಹೊರಗಿನಿಂದ ನೋಡುವವರಿಗೆ ಈ ಇಬ್ಬರಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ, ಅನುಮಾನಕ್ಕೆ ಅಷ್ಟು ಸಾಕು. ಕಮಿಟಿಯವರಾಗಲೀ ಅವರ ನೆಂಟರಾಗಲೀ ಬಿಲ್ಡರ್ ಆಗಿರಬಾರದು, ಬಿಲ್ಡರ್ ಆಯ್ಕೆಯ ಸಭೆಗೆ ರಿಜಿಸ್ಟ್ರಾರ್ ಕಡೆಯ ಅಧಿಕಾರಿ ಬರಬೇಕು, ಸಭೆಯ ವೀಡಿಯೊ ಆಗಬೇಕು ಎಂದು ನಿಯಮವಿದೆ. ಒಳ್ಳೆಯದೇ. ಆದರೆ ಅದು ಕಳ್ಳನನ್ನು ತಡೆಯಲು ನೋಡುತ್ತದೆಯೇ ಹೊರತು ಸರಿಯಾಗಿ ದುಡಿದವನಿಗೆ ಏನನ್ನೂ ಕೊಡುವುದಿಲ್ಲ. ಸಭೆಯಲ್ಲಿ ಬಹಿರಂಗವಾಗಿ ಠರಾವು ಮಾಡಿ ಕಮಿಟಿಗೆ ಗೌರವಧನ ಕೊಡುವುದನ್ನು ಕೀಳೆಂದು ಭಾವಿಸುವ ಸೊಸೈಟಿಗಳೇ ಹೆಚ್ಚು. ಬಾಗಿಲಲ್ಲಿ ಬರುವ ಹಣಕ್ಕೆ ನಾಚುವುದರಿಂದ ಕಿಟಕಿಯ ಹಣಕ್ಕೆ ಅನುಕೂಲ.

ಒಲ್ಲೆ ಎನ್ನುವವರ ಲೆಕ್ಕ

ಹಿಂದೆ ರೀಡೆವಲಪ್‌ಮೆಂಟಿಗೆ ಮುಕ್ಕಾಲು ಪಾಲು ಸದಸ್ಯರ ಬೆಂಬಲ ಬೇಕಿತ್ತು. 2019ರ ಜುಲೈ ಆದೇಶ ಅದನ್ನು ಒಟ್ಟು ಸದಸ್ಯರ ಶೇ 51ಕ್ಕೆ ಇಳಿಸಿತು. ಬಹುಮತದ ತೀರ್ಮಾನಕ್ಕೆ ಅಲ್ಪಮತದವರು ಬದ್ಧರು, ಅಡ್ಡಗಾಲು ಹಾಕುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 2009ರಲ್ಲೇ ಹೇಳಿತ್ತು. ಕೊನೆಯವರೆಗೂ ಸಹಿ ಹಾಕದೆ ಕೂತು ‘ನನಗೆ ಮಾತ್ರ ಎರಡು ಪಾರ್ಕಿಂಗ್’ ಎಂದು ಹಿಂಡುವವರ ಆಟ ಇದರಿಂದ ಬಹುಮಟ್ಟಿಗೆ ಕಟ್ಟಾಯಿತು.

ಜೊತೆಗೇ, ನ್ಯಾಯವಾದ ಹೆದರಿಕೆ ಇದ್ದವರ ಧ್ವನಿಯೂ ಇಳಿಯಿತು. ಒಪ್ಪದವರೆಲ್ಲ ಹಿಂಡುವವರಲ್ಲ. ಎಂಬತ್ತರ ಹರೆಯದವರಿಗೆ ಐದು ವರ್ಷದ ನಂತರದ ದೊಡ್ಡ ಮನೆಗಿಂತ ಈಗಿರುವ ಮನೆ, ಪಕ್ಕದ ಡಾಕ್ಟರು, ಪರಿಚಯದ ಕಿರಾಣಿಯೇ ಹೆಚ್ಚು. ಮನೆ ಬಾಡಿಗೆಗೆ ಕೊಟ್ಟು ಉಡುಪಿಗೋ ಕುಂದಾಪುರಕ್ಕೋ ಹೋಗಿ ನೆಲೆಸಿದವರಿಗೆ ಇದಾವುದರ ಚಿಂತೆಯಿಲ್ಲ, ಬರುವ ಬಾಡಿಗೆ ಬಿಲ್ಡರನಿಂದ ಬಂದರೂ ಅದೇ ಹಣ. ಇಬ್ಬರ ಮತಕ್ಕೂ ಒಂದೇ ಬೆಲೆ.

ಕೆಳಮಹಡಿಯ ಹೋಟೆಲಿನವರದ್ದು ಇನ್ನೊಂದೇ ಕಥೆ. ಮನೆಯವರಿಗೆ ಬಾಡಿಗೆ ಕೊಟ್ಟರೆ ಬೇರೆಡೆ ಬದುಕು ನಡೆಯುತ್ತದೆ. ಹೋಟೆಲಿಗೆ ಬೇಕಿರುವುದು ಜಾಗ ಮಾತ್ರವಲ್ಲ, ಸ್ಟೇಷನ್ನಿನಿಂದ ಇಳಿದು ಬರುವ ಕಾಲುಗಳು. ಬೆಳಿಗ್ಗೆ ಇಡ್ಲಿಗೆ ಬರುವ ಗಿರಾಕಿ ನಾಲ್ಕು ವರ್ಷ ಬೇರೆ ಕಡೆ ತಿಂದು ಅಭ್ಯಾಸವಾದ ಮೇಲೆ ತಿರುಗಿ ಬರುತ್ತಾನೆಂಬ ಭರವಸೆಯಿಲ್ಲ. ಕೆಲಸದ ಹುಡುಗರು ಚೆದುರುತ್ತಾರೆ, ಲೈಸೆನ್ಸುಗಳನ್ನು ಹೊಸದಾಗಿ ಮಾಡಿಸಬೇಕು, ಹೊಸ ಟವರಿನಲ್ಲಿ ಮುಂಬದಿ ಸಿಗುತ್ತದೋ ಪಾರ್ಕಿಂಗ್ ರ‍್ಯಾಂಪಿನ ಹಿಂದೆ ತಳ್ಳುತ್ತಾರೋ ತಿಳಿಯದು. ಒಲೆಯ ಹೊಗೆ ಬೇಡವೆಂದು ಹೊಸ ಖರೀದಿದಾರರು ತಕರಾರು ತೆಗೆಯುವ ಸಂಭವವೂ ಉಂಟು. ಹೋಟೆಲಿನವರು ಕಡೆಯವರೆಗೆ ಸಹಿ ಹಾಕದಿದ್ದರೆ ಹಟಮಾರಿಗಳೆನ್ನುವ ಮೊದಲು ಈ ಲೆಕ್ಕ ನೋಡಬೇಕು. ಚದರಡಿಗೆ ಚದರಡಿ ಎಂಬ ಸೂತ್ರ ಅಂಗಡಿ ಮುಂಗಟ್ಟಿಗೆ ನ್ಯಾಯ ಮಾಡುವುದಿಲ್ಲ.

ಪಾಲಿಕೆಗೆ ಬೇಕಾದ ಹಣ, ಸರ್ಕಾರಕ್ಕೆ ಬೇಕಾದ ಮತ

2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ಮುಂಬಯಿ ಪಾಲಿಕೆಯ ಜಕಾತಿ ಹೋಯಿತು. ಬದಲಿಗೆ ಪರಿಹಾರ ಬರುತ್ತದೆ, ಆದರೆ ಅದು ರಾಜ್ಯದ ಕೈಯಿಂದ ಬರುವ ಹಣ. ಪಾಲಿಕೆ ತಾನೇ ಎತ್ತಬಹುದಾದ ದೊಡ್ಡ ಮೊತ್ತಗಳಲ್ಲಿ ಎಫ್‌ಎಸ್‌ಐ ಪ್ರೀಮಿಯಂ ಒಂದು. ಒಂದು ಪ್ರದೇಶದಲ್ಲಿ ಇನ್ನೆಷ್ಟು ಮನೆ ಹಿಡಿಸುತ್ತದೆ, ನೀರಿನ ಕೊಳವೆ, ಚರಂಡಿ ಸಾಲುತ್ತವೆಯೇ ಎಂದು ನೋಡಬೇಕಾದ ಸಂಸ್ಥೆಗೆ ಹೆಚ್ಚು ಮನೆಯಾದಷ್ಟೂ ಆದಾಯ. ಇಲ್ಲಿ ಯಾವ ಅಧಿಕಾರಿಯೂ ಕೆಟ್ಟವನಾಗಬೇಕಿಲ್ಲ, ಬಜೆಟ್ಟೇ ಆ ಕಡೆ ಎಳೆಯುತ್ತದೆ.

2021ರ ಜನವರಿಯಲ್ಲಿ ರಾಜ್ಯ ಸರ್ಕಾರ ಈ ಪ್ರೀಮಿಯಂಗಳನ್ನು ವರ್ಷಾಂತ್ಯದವರೆಗೆ ಅರ್ಧಕ್ಕಿಳಿಸಿತು. ಖರೀದಿದಾರರ ಸ್ಟ್ಯಾಂಪ್ ಡ್ಯೂಟಿಯನ್ನು ಬಿಲ್ಡರೇ ಕಟ್ಟಬೇಕೆಂಬ ಷರತ್ತಿತ್ತು. ಗಡುವಿಗೆ ಮುಂಚೆ ಹಣ ಕಟ್ಟಿ ಹಕ್ಕು ಕಾದಿರಿಸಲು ಬಿಲ್ಡರುಗಳು ಮುಗಿಬಿದ್ದರು. ಮುಂದಿನ ವರ್ಷಗಳಲ್ಲಿ ಹಳೆಯ ಕಟ್ಟಡಗಳನ್ನು ಸಾಲುಸಾಲಾಗಿ ಕೆಡವಿದ್ದಕ್ಕೆ ಇದೂ ಒಂದು ಕಾರಣ. ಒಂದೇ ಗಲ್ಲಿಯ ಹತ್ತು ಕಟ್ಟಡದವರು, ಮಕ್ಕಳ ಶಾಲೆ ಹತ್ತಿರವಿರಲಿ ಎಂದು ಒಮ್ಮೆಗೇ ಬಾಡಿಗೆ ಮನೆ ಹುಡುಕಿದಾಗ ಆ ಸುತ್ತಿನ ಬಾಡಿಗೆ ಏರಿತು. ಬಿಲ್ಡರ್ ಕೊಡುವ 40,000 ಸಾಲದಾಯಿತು.

ಮತದ ಲೆಕ್ಕ ಇದಕ್ಕಿಂತ ಹಳೆಯದು. 1995ರ ಚುನಾವಣೆಯಲ್ಲಿ ಶಿವಸೇನೆ–ಬಿಜೆಪಿ 40 ಲಕ್ಷ ಕೊಳೆಗೇರಿ ನಿವಾಸಿಗಳಿಗೆ ಉಚಿತ ಮನೆಯ ಮಾತು ಕೊಟ್ಟವು. ಯಾವ ವರ್ಷಕ್ಕಿಂತ ಮುಂಚಿನಿಂದ ಅಲ್ಲಿರಬೇಕು ಎಂಬ ಅರ್ಹತೆಯ ಗಡುವು ಆಮೇಲೆ 1995ರಿಂದ 2000ಕ್ಕೆ, ಹಣ ಕೊಟ್ಟು ಪಡೆಯುವವರಿಗೆ 2011ಕ್ಕೆ ಸರಿಯಿತು. ಗಡುವು ಮುಂದೆ ಸರಿಯುತ್ತದೆ ಎಂದು ಗೊತ್ತಿದ್ದವರು ಮುಂದಿನ ಗಡುವಿಗಾಗಿ ಕಾಯುತ್ತಾರೆ. ಅದಕ್ಕೂ ಹಿಂದೆ 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆದಾರರನ್ನು ಕಾಪಾಡಿತು, ಜೊತೆಗೆ ಮನೆ ಮಾಲೀಕನಿಗೆ ರಿಪೇರಿ ಮಾಡಿಸುವ ಕಾರಣವನ್ನೇ ಇಲ್ಲವಾಗಿಸಿತು. ಫೋರ್ಟ್, ಗಿರ್‌ಗಾಂವ್‌ಗಳ ಪಗಡಿ ಖೋಲಿಗಳು (ಮುಂಗಡ ಕೊಟ್ಟು ಹಳೆಯ ಬಾಡಿಗೆಗೆ ಹಿಡಿದ ಕೋಣೆಗಳು) ಊರುಗೋಲಿನ ಮೇಲೆ ನಿಂತದ್ದು ಹಾಗೆ. 1969ರಲ್ಲಿ ಸೆಸ್ ಹಾಕಿ ರಿಪೇರಿ ಮಂಡಳಿ ಕಟ್ಟಬೇಕಾಯಿತು.

ಹಾಗಾದರೆ ಸೆಲ್ಫ್ ರೀಡೆವಲಪ್‌ಮೆಂಟ್?

ಕಾಗದದ ಮೇಲೆ ಅದರ ವಾದ ಗಟ್ಟಿಯಾಗಿದೆ. ಬಿಲ್ಡರನ ಲಾಭ ಉಳಿದರೆ ಅದು ಸದಸ್ಯರಿಗೆ ಚದರಡಿಯಾಗಿಯೋ ಕಾರ್ಪಸ್ಸಾಗಿಯೋ ಬರುತ್ತದೆ, ಬಾಡಿಗೆ ತಪ್ಪಿಸಿ ಓಡಿಹೋಗಲು ಯಾರೂ ಇರುವುದಿಲ್ಲ. ಹೊಸ ಕಲ್ಪನೆಯೂ ಅಲ್ಲ. ಕೆನರಾ ಮೂಲದ ಚಿತ್ರಾಪುರ ಸಾರಸ್ವತರು ಗಾಮ್‌ದೇವಿಯಲ್ಲಿ ಸಾರಸ್ವತ ಕೋ–ಆಪರೇಟಿವ್ ಹೌಸಿಂಗ್ ಸೊಸೈಟಿ ಮಾಡಿದ್ದು 1915ರಲ್ಲಿ. ರಾವ್ ಬಹಾದ್ದೂರ್ ತಲ್ಮಕಿಯವರು ಹಚ್ಚಿದ ಆ ದೀಪದಿಂದಲೇ ಈ ನಗರದ ಸಹಕಾರಿ ವಸತಿ ಬೆಳೆಯಿತೆನ್ನಬಹುದು. ತಮ್ಮ ತಮ್ಮ ಮನೆಯ ಸ್ವಾರ್ಥಕ್ಕಾಗಿಯೇ ಅವರೂ ಸೇರಿದ್ದು. ಆದರೆ ಎಲ್ಲರೂ ಹೊರಟದ್ದು ಒಂದೇ ಜಾಗದಿಂದ, ಮನೆಯಿಲ್ಲದವರಾಗಿ. ಮಾತು ತಪ್ಪಿದವನಿಗೆ ಸಮಾಜದಲ್ಲಿ ಮುಖ ಹೋಗುತ್ತಿತ್ತು.

ಇವತ್ತಿನ ಮೂವತ್ತು ಮನೆಗಳು ಹಾಗಿಲ್ಲ. ಸಾಲ ತೆಗೆಯುವುದು ಸೊಸೈಟಿ, ಹೊಣೆ ಎಲ್ಲರದು. ಬೆಲೆ ಬಿದ್ದು ಮಾರಾಟದ ಮನೆಗಳು ಖಾಲಿ ಉಳಿದರೆ ನಷ್ಟ ಹೊರುವವರು ಪೆನ್ಷನ್‌ದಾರರೂ ಹೌದು. ಕಂಟ್ರಾಕ್ಟರನ ಮೇಲೆ ಕಣ್ಣಿಡುವ, ಮನೆ ಮಾರುವ, ಪಾಲಿಕೆಯಲ್ಲಿ ಕಾಯುವ ಕೆಲಸವೆಲ್ಲ ಅದೇ ಸಂಬಳವಿಲ್ಲದ ಸೆಕ್ರೆಟರಿಯ ತಲೆಗೆ. ಒಟ್ಟು ಲಾಭ ಹೆಚ್ಚೇ ಇರಬಹುದು. ಅದು ಮೂವತ್ತು ಪಾಲಾಗಿ ಐದು ವರ್ಷದ ಮೇಲೆ ಬರುತ್ತದೆ, ತಲೆನೋವು ನಾಲ್ಕೈದು ಜನರಿಗೆ ನಾಳೆಯಿಂದಲೇ. ಬಿಲ್ಡರನಿಗೆ ಬಿಟ್ಟುಕೊಡುವ ಲಾಭದಲ್ಲಿ ಒಂದು ಪಾಲು ಈ ತಲೆನೋವಿನ ಬೆಲೆ ಎಂದು ನೋಡಿದರೆ ಜನ ದಡ್ಡರಾಗಿ ಕಾಣುವುದಿಲ್ಲ.

ಬಡ್ಡಿ ರಿಯಾಯಿತಿ ಈ ಗಂಟನ್ನು ಬಿಚ್ಚುವುದಿಲ್ಲ. ಸರ್ಕಾರ ಸಾಲದ ಮಾತನ್ನೇ ಹೆಚ್ಚು ಆಡುತ್ತಿದೆ. ಸಂಬಳಕ್ಕೆ ದುಡಿಯುವ ವೃತ್ತಿಪರ ಪ್ರಾಜೆಕ್ಟ್ ಮ್ಯಾನೇಜರು, ಮಾರಾಟ ನಿಂತರೆ ಬಾಡಿಗೆ ಕಾಪಾಡುವ ನಿಧಿ, ಕಮಿಟಿಗೆ ಬಹಿರಂಗ ಗೌರವಧನ ಇವೆಲ್ಲ ಸಾಲದ ಷರತ್ತಿನಲ್ಲೇ ಬಂದರೆ ಚಿತ್ರ ಬದಲಾದೀತು. ಅಲ್ಲಿಯವರೆಗೆ, ಒಳಗೊಳಗೆ ಒಗ್ಗಟ್ಟಿರುವ ಸಣ್ಣ ಸೊಸೈಟಿಗಳು ಮಾತ್ರ ಆ ದಾರಿಯಲ್ಲಿ ಹೋಗುತ್ತವೆ.

ಟವರ್ ಎದ್ದ ಮೇಲೆ

ಮುಂಬಯಿ ಪಾಲಿಕೆ ವ್ಯಾಪ್ತಿಯಲ್ಲಿ 500 ಚದರಡಿವರೆಗಿನ ಮನೆಗಳಿಗೆ 2022ರಿಂದ ಆಸ್ತಿ ತೆರಿಗೆ ಮನ್ನಾ ಇದೆ. ನಮ್ಮ 400 ಚದರಡಿ ಮನೆ 540 ಆದ ದಿನ ಆ ಮನ್ನಾ ಹೋಯಿತು. ಜೊತೆಗೆ ಎರಡು ಲಿಫ್ಟು, ಪಂಪು, ಅಗ್ನಿಶಾಮಕ ವ್ಯವಸ್ಥೆ, ವಾಚ್‌ಮನ್ನರ ಪಾಳಿ, ಜಿಮ್ ಇತ್ಯಾದಿ ಸೇರಿ ಮೇಂಟೆನೆನ್ಸ್ ಏರುತ್ತದೆ. ಕಾರ್ಪಸ್ ಹಣದ ಬಡ್ಡಿಯಿಂದ ಸರಿದೂಗಿಸಬಹುದೆಂಬುದು ಅದರ ಉದ್ದೇಶ, ಆದರೆ ಬಹಳ ಕಡೆ ಅದು ಮಕ್ಕಳ ಸಾಲಕ್ಕೋ ಹೊಸ ಮನೆಯ ಫರ್ನಿಚರಿಗೋ ಹೋಗಿರುತ್ತದೆ. ತಿಂಗಳ ಖರ್ಚು ತಾಳದೆ ಮಾರಿ ಕಲ್ಯಾಣ್, ವಿರಾರ್, ಇಲ್ಲವೇ ಊರಿನ ದಾರಿ ಹಿಡಿಯುವವರಲ್ಲಿ ಹಿರಿಯರೇ ಮೊದಲಿಗರು.

ಉಳಿದವರಿಗೆ ಹೊಸ ಜಗಳ ಕಾದಿರುತ್ತದೆ. ಮಾರಾಟದ ಇಪ್ಪತ್ತು ಮನೆಗಳವರೂ ಈಗ ಸೊಸೈಟಿಯ ಸದಸ್ಯರು. ಅವರದ್ದು 750 ಚದರಡಿ, ಹಳಬರದ್ದು 540. ಆದರೆ ಮಾದರಿ ಬೈಲಾ ಪ್ರಕಾರ ಸರ್ವಿಸ್ ಚಾರ್ಜು ಮನೆಗೆ ಸಮಪಾಲು. ಜಿಮ್ಮಿಗೆ, ಲಾಬಿಯ ಎಸಿಗೆ ಹಳಬರೂ ಹೊಸಬರಷ್ಟೇ ಕೊಡಬೇಕು. ಮತವೂ ಸದಸ್ಯನಿಗೆ ಒಂದೇ, ಮನೆ ಎಷ್ಟೇ ದೊಡ್ಡದಿರಲಿ. ಮೊದಲ ವಾರ್ಷಿಕ ಸಭೆಯಲ್ಲಿ ಹಳಬರ ಮೂವತ್ತು ಮತಗಳು ಜಿಮ್‌ನ ಟ್ರೈನರನನ್ನು ತೆಗೆಯುವ ಠರಾವಿಗೆ ಬೀಳುತ್ತವೆ, ಇಪ್ಪತ್ತು ವಿರುದ್ಧ. ಬ್ರೋಶರಿನಲ್ಲಿ ಜಿಮ್ ನೋಡಿ ಹಣ ಕೊಟ್ಟ ಹೊಸಬರು ಮರುದಿನ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಬರೆಯುತ್ತಾರೆ.